ಕತ್ತಲಲ್ಲಿ ತಿಂದ ಕಡುಬು

ಮುಕ್‌ಗೊಲ್ ಕಣಿವೆಯ ಕಲ್ಲಿದ್ದಲು ಗಣಿಯಲ್ಲಿ ಏಳು ದಿನ ಸಿಕ್ಕಿಬಿದ್ದಿದ್ದ ಇಬ್ಬರನ್ನು ಹೊರಗೆ ತೆಗೆದಾಗ, ಒಬ್ಬನನ್ನು ಹಲಗೆಯ ಮೇಲೆ ಮಲಗಿಸಿ ಹೊತ್ತು ತಂದರು. ಇನ್ನೊಬ್ಬ ತನ್ನ ಕಾಲ ಮೇಲೆ ನಡೆದು ಬಂದ. ಹಲಗೆಯ ಮೇಲಿದ್ದವನ ಹೆಸರು ಕ್ವಾಕ್ ದಾಲ್ಸು. ಊರಿಗೆಲ್ಲ ಗೊತ್ತಿದ್ದ ಕುಡುಕ, ಬಾಯಿಬಡುಕ, ದೇವರು ಎಂದರೆ ನಗುವವನು. ನಡೆದು ಬಂದವನು ಒಕ್ ಜೇಮುನ್. ಗುಡ್ಡದ ಮೇಲಿನ ತಗಡಿನ ಮಾಡಿನ ಚರ್ಚಿಗೆ ಸಭಾಹಿರಿಯ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಮುಂಜಾನೆಯ ಪ್ರಾರ್ಥನೆ ತಪ್ಪಿಸದವನು.

ಗಣಿಯ ಬಾಯಲ್ಲಿ ವಾರದಿಂದ ಕಾದು ನಿಂತಿದ್ದ ಸಭೆಯ ಹೆಂಗಸರಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?

"ನೋಡ್ರೇ, ನೋಡ್ರೇ! ಹೆಂಗೆ ನಡ್ಕೊಂಡು ಬರ್ತಿದಾರೆ!"

"ಒಬ್ಬನ್ನ ಹೊತ್ಕೊಂಡ್ ಬರ್ಬೇಕಾಯ್ತು, ಇನ್ನೊಬ್ರನ್ನ ಕರ್ತನೇ ಕೈ ಹಿಡ್ದು ಕರ್ಕೊಂಡ್ ಬಂದ. ಸ್ತೋತ್ರ, ಸ್ತೋತ್ರ!"

ಬೆಳಕು ತಾಗಬಾರದೆಂದು ಜೇಮುನ್‌ನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಅವನಿಗೆ ಯಾರ ಮುಖವೂ ಕಾಣಲಿಲ್ಲ. ಹೆಂಡತಿ ಇನ್‌ಸೂನ್ ಓಡಿ ಬಂದು ಕೈ ಹಿಡಿದಾಗ ಅವಳ ಅಂಗೈಯ ಒರಟಿನಿಂದಲೇ ಅವಳೆಂದು ತಿಳಿದುಕೊಂಡ. ಏನೋ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹೆಂಗಸರು ಹಾಡು ಎತ್ತಿಕೊಂಡರು.

ಹೇಳಬೇಕೆಂದುಕೊಂಡದ್ದು ಇಷ್ಟೇ: ನಾನು ನಡೆದು ಬಂದದ್ದು ಕಡುಬು ತಿಂದಿದ್ದರಿಂದ.

ಗಣಿ ಕೆಲಸದವರ ಮನೆಗಳಲ್ಲಿ ಬುತ್ತಿಗೆ ನಾಲ್ಕು ಸೌಟು ಅನ್ನ ಹಾಕುವುದಿಲ್ಲ. ಅಲ್ಲಿಯ ಮಾತಿನಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಸದ್ದು. ದೇವರನ್ನು ನಂಬಿದವರಿಗೆ ಇಂಥ ಭಯ ಯಾಕೆಂದು ಜೇಮುನ್ ಗದರುತ್ತಿದ್ದ. ಇನ್‌ಸೂನ್ ತಲೆಯಾಡಿಸಿ ಮೂರೇ ಸೌಟು ಹಾಕುತ್ತಿದ್ದಳು. ಆ ಸೋಮವಾರ ಅವನ ಹೊಟ್ಟೆಗೆ ಸಾಲದೆಂದು, ಹಿಂದಿನ ದಿನ ಸಭೆಯಲ್ಲಿ ಯಾರದೋ ಮಗುವಿಗೆ ನೂರು ದಿನ ತುಂಬಿದ ಸಂತೋಷಕ್ಕೆ ಹಂಚಿದ್ದ ಮಾಚಿಪತ್ರೆಯ ಅಕ್ಕಿ ಕಡುಬುಗಳಲ್ಲಿ ಉಳಿದಿದ್ದ ಐದನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ತಣ್ಣಗಾದರೆ ಕಲ್ಲಿನಂತಾಗುತ್ತವೆಂದು ಜೇಮುನ್ ಗಂಟನ್ನು ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡ.

ಸುರಂಗಕ್ಕೆ ಮರದ ಆಸರೆ ಕಟ್ಟುವುದು ಅವನ ಕೆಲಸ. ದಾಲ್ಸು ಕಲ್ಲಿದ್ದಲು ಕಡಿಯುವವನು. ಮೊದಲ ಪಾಳಿ ಅರ್ಧ ಕಳೆದಿರಬೇಕು, ಹಿಂದಿನಿಂದ ಮರ ಸೀಳಿದ ಸದ್ದು ಬಂತು. ಆಮೇಲೆ ಗುಡ್ಡವೇ ಉಸಿರು ಬಿಟ್ಟಂತೆ ಒಂದು ಗಾಳಿ. ಧೂಳು ಇಳಿದಾಗ ಸುರಂಗದ ಕುರುಡು ತುದಿಯಲ್ಲಿ ಇಬ್ಬರೇ ಇದ್ದರು. ದಾಲ್ಸುವಿನ ಎಡಪಾದ ತೊಲೆಯೊಂದರ ಕೆಳಗೆ ಸಿಕ್ಕಿ ಜಜ್ಜಿಹೋಗಿತ್ತು. ಜೇಮುನ್ ಹಾರೆ ಹಾಕಿ ತೊಲೆ ಎತ್ತಿದ, ತನ್ನ ಅಂಗಿಯ ತೋಳು ಹರಿದು ಪಾದ ಕಟ್ಟಿದ. ಅಲ್ಲಿಯವರೆಗೆ ಅವನು ಒಳ್ಳೆಯ ಮನುಷ್ಯನೇ. ಮುಂದೆ ಎಷ್ಟೋ ಸಲ ಅವನು ಇದನ್ನು ತನಗೆ ತಾನೇ ಹೇಳಿಕೊಂಡಿದ್ದಾನೆ, ಅಲ್ಲಿಯವರೆಗೆ ಪರವಾಗಿಲ್ಲ ಎಂದು.

ದಾಲ್ಸುವಿನ ಬುತ್ತಿ ಮಣ್ಣಿನಡಿ ಹೋಗಿತ್ತು. ಜೇಮುನ್‌ನ ಬಾರ್ಲಿ ಅನ್ನ, ಮೂಲಂಗಿ ಕಿಮ್ಚಿ ಉಪ್ಪಿನಕಾಯಿಯನ್ನು ಇಬ್ಬರೂ ಎರಡು ದಿನ ಹಂಚಿಕೊಂಡರು. ಗೋಡೆಯಿಂದ ಜಿನುಗುವ ನೀರು ಕುಡಿದರು. ಒಬ್ಬರ ತಲೆದೀಪ ಆರಿಸಿ ಇನ್ನೊಬ್ಬರದು ಹಚ್ಚಿದರು; ಎರಡನೆಯ ದಿನ ಅದೂ ಕೆಂಪಾಗಿ ಸತ್ತಿತು. ಆಮೇಲೆ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ.

"ಅಣ್ಣ," ದಾಲ್ಸು ಕತ್ತಲೊಳಗಿಂದ ಕೇಳಿದ, "ಇನ್ನೇನಾದ್ರೂ ಇದ್ಯಾ?"

"ಇಲ್ಲ," ಎಂದ ಜೇಮುನ್.

ಯೋಚನೆ ಮಾಡಿ ಹೇಳಿದ ಮಾತಲ್ಲ ಅದು. ಎದೆಯ ಮೇಲೆ ಕಡುಬಿನ ಗಂಟು ಬೆಚ್ಚಗಿತ್ತು. ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು. ಈಗಲೇ ತಿದ್ದಬಹುದು ಅಂದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಹೇಳೋಣ ಅಂದುಕೊಂಡ. ಆ ಸ್ವಲ್ಪ ಹೊತ್ತು ಮುಗಿಯಲೇ ಇಲ್ಲ.

ಮೂರನೆಯ ದಿನ ಗೋಡೆಯ ಕಡೆ ಮುಖ ಮಾಡಿಕೊಂಡು ಮೊದಲನೆಯದನ್ನು ತಿಂದ. ಚೂರು ಚೂರಾಗಿ ಮುರಿದು, ಉಗುಳಿನಲ್ಲಿ ನೆನೆಸಿ, ಸದ್ದಾಗದಂತೆ. ಆದರೂ ಕಡುಬು ಅಂಟು. ನಾಲಿಗೆಯಿಂದ ಬಿಡಿಸಿಕೊಳ್ಳುವಾಗ ಚಪ್ ಎಂದು ಸದ್ದಾಯಿತು.

"ಅಣ್ಣ, ಏನ್ ಮಾಡ್ತಿದೀಯ? ಬಾಯಿ ಆಡಿಸ್ತಿದೀಯಲ್ಲ."

"ಪ್ರಾರ್ಥನೆ."

ದಾಲ್ಸು ಕತ್ತಲಲ್ಲಿ ಮೂಗೆಳೆದ. ಆಮೇಲೆ ಹೇಳಿದ, "ಹಂಗಾದ್ರೆ ನಂಗೂ ಒಂದ್ ಮಾತು ಹೇಳು, ನಿನ್ ದೇವ್ರಿಗೆ."

"ಆಯ್ತು," ಎಂದು ಜೇಮುನ್ ನುಂಗಿದ.

ಹೀಗೆ ದಿನಕ್ಕೊಂದರಂತೆ ಐದನ್ನೂ ತಿಂದ. ಏಳನೆಯ ದಿನ ಗಾಳಿಯ ಕೊಳವೆಯ ಮೇಲೆ ಹೊರಗಿನಿಂದ ಬಡಿಯುವ ಸದ್ದು ಕೇಳಿದಾಗ ಎದ್ದು ಹೋಗಿ ಕಲ್ಲಿನಿಂದ ಮರಳಿ ಬಡಿಯುವ ಶಕ್ತಿ ಅವನಿಗಿತ್ತು. ದಾಲ್ಸುವಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ.

*

ಮೂರು ದಿನ ಬಿಟ್ಟು ಇನ್‌ಸೂನ್ ಅವನ ಬಟ್ಟೆ ಒಗೆಯುವಾಗ ಅಂಗಿಯೊಳಗೆ ಗಂಟಿನ ಬಟ್ಟೆ ಸಿಕ್ಕಿತು. ಹಸಿರು ಚೂರುಗಳು ಅಂಟಿಕೊಂಡಿದ್ದವು.

"ರೀ," ಅವಳು ಅಂಗಳದಿಂದಲೇ ಕೂಗಿ ಕೇಳಿದಳು, ದನಿಯಲ್ಲಿ ಹೆಮ್ಮೆ. "ಕಡುಬು ಇಬ್ರಿಗೂ ಸಾಕಾಯ್ತಾ?"

"ಸಾಕಾಯ್ತು."

ಅಷ್ಟು ಹೇಳಿದ್ದೇ ತಡ, ಅವಳು ಮಾರನೆಯ ದಿನ ಹೊಸದಾಗಿ ಕಡುಬು ಬೇಯಿಸಿ, ಡಬ್ಬಿಗೆ ಬಟ್ಟೆ ಸುತ್ತಿ, ಅವನನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೊರಟಳು. ತಲೆನೋವು ಎಂದರೂ ಬಿಡಲಿಲ್ಲ. ದಾಲ್ಸುವಿನ ಎಡಪಾದದ ಮೂರು ಬೆರಳು ತೆಗೆದಿದ್ದರು. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ಅದೇ ತುಂಟ ಕಣ್ಣು.

"ತಗೊಳ್ಳಪ್ಪ," ಎಂದಳು ಇನ್‌ಸೂನ್, "ಅಲ್ಲಿ ತಣ್ಣಗಾಗಿದ್ದನ್ನ ತಿಂದ್ರಿ, ಈಗ ಬಿಸಿಬಿಸಿ ತಿನ್ನು."

ಜೇಮುನ್ ಕಿಟಕಿಯ ಕಡೆ ನೋಡುತ್ತ ನಿಂತಿದ್ದ. ದಾಲ್ಸು ಡಬ್ಬಿಯನ್ನು ನೋಡಿದ, ಜೇಮುನ್‌ನ ಬೆನ್ನನ್ನು ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ.

"ಹೌದು ಅತ್ತಿಗೆ," ಎಂದ. "ಅಲ್ಲಿ ತುಂಬಾ ತಣ್ಣಗಿತ್ತು."

ಒಂದು ಕಡುಬು ಎತ್ತಿಕೊಂಡು ನಿಧಾನವಾಗಿ ಜಗಿದ. ಮೂಸಿ ಮೂಸಿ ಜಗಿದ. "ಮಾಚಿಪತ್ರೆ ಈ ವರ್ಷದ್ದೇ ಅಲ್ವಾ? ವಾಸ್ನೆ ಅಂದ್ರೆ ಇದು ನೋಡಿ. ಸತ್ತವ್ನಿಗೂ ಗೊತ್ತಾಗತ್ತೆ."

ಇವನಿಗೆ ಗೊತ್ತಿದೆ ಎಂದು ಜೇಮುನ್‌ಗೆ ಖಾತ್ರಿಯಾದದ್ದು ಆಗ. ಎಲ್ಲ ಗೊತ್ತಿದೆ, ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಬಚ್ಚಿಟ್ಟ. ಯಾಕೆ ಬಚ್ಚಿಟ್ಟ ಎನ್ನುವುದು ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಇನ್‌ಸೂನ್ ಹೇಳಿದಳು, "ಪಾಪ, ಒಳ್ಳೆ ಮನುಷ್ಯ ಅವ್ನು. ನಾವೇ ಕುಡುಕ ಕುಡುಕ ಅಂತಿದ್ವಿ." ಜೇಮುನ್ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಕುಳಿತ.

ಚರ್ಚಿನ ಪಾದ್ರಿ ಯೊಮ್ ಮೂವತ್ತೈದರ ಉತ್ಸಾಹಿ. ಧೂಳಿನ ಈ ಕಣಿವೆಗೆ ಬಂದು ಐದು ವರ್ಷ, ಅರವತ್ತು ಜನ ಅರವತ್ತೊಂದಾಗಿರಲಿಲ್ಲ. ಈಗ ಭಾನುವಾರ ಭಾನುವಾರ ಹೊಸಬರು ಬರತೊಡಗಿದರು, ನಡೆದು ಬಂದ ಹಿರಿಯರನ್ನು ನೋಡಲಿಕ್ಕೆ. ಪಾದ್ರಿ ಒಂದು ಕರಪತ್ರ ಅಚ್ಚು ಹಾಕಿಸಿದರು: ಏಳು ದಿನ ಪ್ರಾರ್ಥನೆಯನ್ನೇ ಉಂಡು ಬದುಕಿದ ಸಭಾಹಿರಿಯ. ಆಸ್ಪತ್ರೆಯಲ್ಲಿ ದಾಲ್ಸು ಯಾರೋ ಕೇಳಿದ್ದಕ್ಕೆ, "ಅಣ್ಣ ಪೂರ್ತಿ ಹೊತ್ತು ಪ್ರಾರ್ಥನೆ ಮಾಡ್ತಿದ್ದ, ಬಾಯಾಡ್ಸೋದು ಕೇಳಿಸ್ತಿತ್ತು" ಎಂದದ್ದನ್ನೇ ಪಾದ್ರಿ ಹಿಡಿದಿದ್ದರು.

"ಅಯ್ಯನವರೇ, ನಾನು ಅಷ್ಟೆಲ್ಲ ಏನೂ..." ಎಂದು ಜೇಮುನ್ ಶುರುಮಾಡಿದ.

"ನೋಡಿ, ಇದೇ ನಿಮ್ಮ ದೀನತೆ," ಎಂದು ಪಾದ್ರಿ ಅವನ ಭುಜ ತಟ್ಟಿದರು.

ಮುಂದಿನ ಎರಡು ತಿಂಗಳು ಅಕ್ಕಪಕ್ಕದ ಕಣಿವೆಗಳ ಮೂರು ಸಭೆಗಳಲ್ಲಿ ಅವನು ಸಾಕ್ಷಿ ಹೇಳಿದ. ಸುಳ್ಳು ಹೇಳಲಿಲ್ಲ; ಬುತ್ತಿ ಹಂಚಿಕೊಂಡದ್ದು, ನೀರು ನೆಕ್ಕಿದ್ದು, ದೀಪ ಆರಿದ್ದು ಎಲ್ಲವನ್ನೂ ಹೇಳಿ, "ಆಮೇಲೆ ಕರ್ತನೇ ಕಾಪಾಡಿದ" ಎಂದು ಮುಗಿಸುತ್ತಿದ್ದ. ಜನ ಆಮೆನ್ ಎಂದು ಅಳುತ್ತಿದ್ದರು. ಅವನ ದನಿಗೆ ಅಭ್ಯಾಸವಾಗಿಬಿಟ್ಟಿತ್ತು, ಎಲ್ಲಿ ನಡುಗಬೇಕೋ ಅಲ್ಲಿ ನಡುಗುತ್ತಿತ್ತು. ಅದನ್ನು ಗಮನಿಸಿದ ದಿನ ಅವನಿಗೆ ತನ್ನ ಗಂಟಲನ್ನೇ ಹಿಸುಕಬೇಕೆನಿಸಿತು.

ಮೂರನೆಯ ಸಭೆಯಲ್ಲಿ, ಎಲ್ಲ ಮುಗಿದ ಮೇಲೆ, ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಬಂದು ಅವನ ಎರಡೂ ಕೈಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

"ಹಿರಿಯರೇ, ನಮ್ಮೋರೂ ಐದು ದಿನ ಒಳಗಿದ್ರಂತೆ. ಅವ್ರಿಗೆ ನಂಬಿಕೆ ಇರ್ಲಿಲ್ಲ. ಇದ್ದಿದ್ರೆ ಬದುಕ್ತಿದ್ರು ಅಲ್ವಾ?"

ಜೇಮುನ್ ಕೈ ಬಿಡಿಸಿಕೊಂಡ. ಬಿಡಿಸಿಕೊಂಡ ರಭಸಕ್ಕೆ ಆಕೆ ಹಿಂದಕ್ಕೆ ಸರಿದಳು. ಹೊರಗೆ ಬಂದು ಚರ್ಚಿನ ಹಿಂದಿನ ಮೂಲಂಗಿ ಹೊಲದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ. ತನ್ನ ಸುಳ್ಳು ಒಬ್ಬ ಸತ್ತವನನ್ನು ಮತ್ತೊಮ್ಮೆ ಕೊಂದಿತಲ್ಲ ಎಂದು ಅವನಿಗೆ ಅನ್ನಿಸಿತು. ಅಂದಿನಿಂದ ಸಾಕ್ಷಿ ಹೇಳಲು ಹೋಗಲಿಲ್ಲ, ಎದೆನೋವು ಎಂದ. ಮುಂಜಾನೆ ಪ್ರಾರ್ಥನೆಗೆ ಹೋಗಿ ಮೊಣಕಾಲೂರಿದರೂ ಬಾಯಲ್ಲಿ ಮಾತು ಬರುತ್ತಿರಲಿಲ್ಲ. ತುಟಿ ಅಲ್ಲಾಡಿಸಿದರೆ ಸಾಕು, ಕಡುಬು ಜಗಿದ ಸದ್ದು ಕಿವಿಗೆ ಬೀಳುತ್ತಿತ್ತು.

ಇದರ ಜೊತೆಗೆ ದಾಲ್ಸು ಬೇರೆ.

*

ದಾಲ್ಸು ಆಸ್ಪತ್ರೆಯಿಂದ ಬಂದವನು ಕೋಲೂರಿಕೊಂಡು ಗುಡ್ಡ ಹತ್ತಿ ಚರ್ಚಿಗೆ ಬರತೊಡಗಿದ. ಮೊದಲ ಭಾನುವಾರ ಎಲ್ಲರೂ ತಿರುಗಿ ತಿರುಗಿ ನೋಡಿದರು. ಅವನು ಸೀದಾ ಬಂದು ಜೇಮುನ್‌ನ ಪಕ್ಕದಲ್ಲೇ ಕುಳಿತ. ಮುಂದಿನ ವಾರವೂ ಅಲ್ಲೇ. ಸೋಜು ಸಾರಾಯಿ ಬಿಟ್ಟನಂತೆ, ಅಂಗಡಿಯ ಮುದುಕಿ ಗೋಳಾಡುತ್ತಿದ್ದಾಳಂತೆ ಎಂದು ಊರೆಲ್ಲ ಮಾತು.

"ನಿಮ್ ಪ್ರಾರ್ಥನೆ ಫಲ," ಎಂದು ಹೆಂಗಸರು ಜೇಮುನ್‌ಗೆ ಹೇಳಿದರು.

ಜೇಮುನ್‌ಗೆ ಬೇರೆ ಅರ್ಥ ಹೊಳೆದಿತ್ತು. ಇವನು ನನ್ನನ್ನು ಕಾಯಲು ಬಂದಿದ್ದಾನೆ. ಬೆಕ್ಕು ಇಲಿಯನ್ನು ಬಿಟ್ಟು ಬಿಟ್ಟು ಹಿಡಿಯುವ ಹಾಗೆ, ಒಂದು ದಿನ ಎಲ್ಲರೆದುರು ಬಾಯಿ ಬಿಡಲು ಬಂದಿದ್ದಾನೆ. ಪಕ್ಕದಲ್ಲಿ ಕುಳಿತು ದಾಲ್ಸು ಹಾಡಿನ ಪುಸ್ತಕ ತಲೆಕೆಳಗಾಗಿ ಹಿಡಿದು, "ಅಣ್ಣ, ಎಷ್ಟನೇ ಪುಟ?" ಎಂದು ಪಿಸುಗುಟ್ಟಿದರೂ ಅದರಲ್ಲಿ ಮುಳ್ಳಿದೆ ಎನಿಸುತ್ತಿತ್ತು. ಒಮ್ಮೆ ಇನ್‌ಸೂನ್ ಅವನನ್ನು ಊಟಕ್ಕೆ ಕರೆದಳು. ದಾಲ್ಸು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತ, "ಅಣ್ಣ ತುಂಬಾ ಕಮ್ಮಿ ತಿಂತಾನೆ ಅತ್ತಿಗೆ. ಯಾಕೋ?" ಎಂದ. ಜೇಮುನ್ ಊಟದ ಕಡ್ಡಿ ಕೆಳಗಿಟ್ಟು ಎದ್ದುಹೋದ.

ಆಗಸ್ಟ್ ಕೊನೆಯಲ್ಲಿ ಪಾದ್ರಿ ಸಭೆಯಲ್ಲಿ ತಿಳಿಸಿದರು: ಕ್ವಾಕ್ ದಾಲ್ಸು ದೀಕ್ಷಾಸ್ನಾನಕ್ಕೆ ಸಿದ್ಧನಾಗಿದ್ದಾನೆ, ಮುಂದಿನ ಭಾನುವಾರ. ಅವನ ಪಕ್ಕದಲ್ಲಿ ನಿಂತು ಅವನ ಪರವಾಗಿ ಮಾತನಾಡಬೇಕಾದವರು ಸಭಾಹಿರಿಯ ಜೇಮುನ್. ಅದು ದಾಲ್ಸುವಿನ ಆಸೆ.

ಮಂಗಳವಾರ ಮಧ್ಯಾಹ್ನ ಜೇಮುನ್ ಅವನನ್ನು ಹುಡುಕಿಕೊಂಡು ಹೋದ. ಗಣಿಯ ಕೂಲಿಮನೆಗಳ ಸಾಲಿನ ಹಿಂದೆ ಕರಿ ನೀರಿನ ಹಳ್ಳದ ದಂಡೆಯಲ್ಲಿ, ಒಂದು ಕಲ್ಲಿನ ಮೇಲೆ ಕುಳಿತು ದಾಲ್ಸು ಪಾದದ ಪಟ್ಟಿ ಬಿಚ್ಚಿ ಬಿಸಿಲಿಗೆ ಒಡ್ಡಿದ್ದ.

"ಬಾ ಅಣ್ಣ, ಕೂತ್ಕೋ. ನೋಡು, ಎರಡೇ ಬೆರಳು. ಕೋಳಿ ಕಾಲಿದ್ದಂಗಿದೆ."

ಜೇಮುನ್ ಕೂರಲಿಲ್ಲ. "ನನ್ನ ಯಾಕೆ ಹಿಂಗೆ ಸಾಯಿಸ್ತಿದೀಯ?" ಎಂದ. ದನಿ ತನ್ನದಲ್ಲ ಎನ್ನುವಂತಿತ್ತು. "ನಿಂಗೆ ಗೊತ್ತಿದೆ. ಗೊತ್ತಿದ್ರೆ ಹೇಳ್ಬಿಡು ಎಲ್ಲರ ಮುಂದೆ, ಉಗಿ ಮುಖಕ್ಕೆ. ಪಕ್ಕದಲ್ಲಿ ಬಂದ್ ಕೂತ್ಕೊಂಡು, ಅತ್ತಿಗೆ ಅತ್ತಿಗೆ ಅಂದ್ಕೊಂಡು... ಇದೇನು ಆಟ?"

ದಾಲ್ಸು ಪಟ್ಟಿಯನ್ನು ಸುರುಳಿ ಸುತ್ತಿದ.

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ," ಎಂದ. "ನಾಲ್ಕು ತಿಂಗಳು ಹಿಡೀತು. ಗಟ್ಟಿ ಕಣಪ್ಪ ನೀನು."

"ಐದು ಕಡುಬು," ಎಂದ ಜೇಮುನ್. ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಸಣ್ಣ ಮಾತು ಅನ್ನಿಸಿತು. "ಐದಿತ್ತು. ನೀನು ಕೇಳ್ದಾಗ ಇಲ್ಲ ಅಂದೆ. ನೀನು ಸಾಯ್ತೀಯ ಅಂತ ಗೊತ್ತಿತ್ತು. ಸತ್ರೆ ಸಾಯ್ಲಿ ಅನ್ಕೊಂಡೆ. ಪ್ರಾರ್ಥನೆ ಅಂದೆ ನಿಂಗೆ... ಬಾಯಲ್ಲಿ ಕಡುಬು ಇಟ್ಕೊಂಡು."

"ಮೂರನೇ ದಿನವೇ ಗೊತ್ತಾಯ್ತು. ಹೊಟ್ಟೆ ಖಾಲಿ ಇದ್ರೆ ಮೂಗು ನಾಯಿ ಮೂಗಾಗತ್ತೆ." ದಾಲ್ಸು ಹಳ್ಳದ ಕಡೆ ನೋಡಿದ. ಅವನ ಮುಖದ ತುಂಟತನ ಆರಿಹೋಗಿತ್ತು. "ನಂದೂ ಒಂದು ಕೇಳು. ಇನ್ಯಾರಿಗೂ ಹೇಳಿಲ್ಲ. ನನ್ ಕೈಗೆ ಎಟಕೋ ಹಂಗೆ ಪಿಕಾಸಿ ಇತ್ತು. ನಾಲ್ಕನೇ ದಿನ ಅದನ್ನ ಎಳ್ಕೊಂಡು ತೊಡೆ ಮೇಲೆ ಇಟ್ಕೊಂಡೆ. ನೀನು ತಿನ್ನೋಕೆ ಶುರು ಮಾಡಿದ್ ಕೂಡ್ಲೆ, ಸದ್ದು ಎಲ್ಲಿಂದ ಬರತ್ತೋ ಅಲ್ಲಿಗೆ ಹಾಕ್ಬೇಕು ಅಂತ. ತಲೆ ಎಲ್ಲಿದೆ ಅಂತ ಲೆಕ್ಕ ಹಾಕಿದ್ದೆ. ಎತ್ತಿದ್ದೂ ಆಯ್ತು."

ಜೇಮುನ್ ಪಕ್ಕದ ಕಲ್ಲಿನ ಮೇಲೆ ಕುಸಿದು ಕುಳಿತ.

"ಯಾಕೆ ಹಾಕ್ಲಿಲ್ಲ?"

"ನೀನು ಅಳೋಕೆ ಶುರು ಮಾಡ್ದೆ."

"ನಾನು ಅಳ್ಲಿಲ್ಲ."

"ಅಯ್ಯೋ ಇವ್ನ! ನಿಂಗೆ ಜ್ಞಾಪಕ ಇಲ್ಲ ಅಷ್ಟೆ. ತುತ್ತು ತುತ್ತಿಗೂ ಅಳ್ತಿದ್ದೆ. ಬಾಯಿ ತುಂಬ ಕಡುಬು, ಮೂಗು ಸೋರ್ತಿದೆ, 'ಬಿಡ್ಬೇಡ, ನನ್ ಕೈ ಬಿಡ್ಬೇಡ, ನಾನು ನಾಯಿ, ಆದ್ರೂ ಬಿಡ್ಬೇಡ' ಅಂತ ಅದೊಂದೇ ಮಾತು. ನಾನು ಪಿಕಾಸಿ ಎತ್ಕೊಂಡು ಕೂತಿದೀನಿ, ಹೊಡಿಯೋ ಬದ್ಲು ಕೇಳಿಸ್ಕೊಳ್ತಾ ಇದೀನಿ. ಇವ್ನು ಯಾರಿಗೆ ಹೆದರ್ಕೊಳ್ತಿದಾನೆ? ನಂಗಂತೂ ಅಲ್ಲ, ನಾನು ಅರ್ಧ ಹೆಣ. ಕತ್ತಲಲ್ಲಿ ಯಾರೂ ನೋಡೋರಿಲ್ಲ. ನಾನಾಗಿದ್ರೆ ಐದನ್ನೂ ಒಂದೇ ಸಲ ತಿಂದು ಗೊರಕೆ ಹೊಡೀತಿದ್ದೆ. ಇಷ್ಟು ಕೆಟ್ ಕೆಲಸ ಮಾಡ್ತಾ ಮಾಡ್ತಾನೂ ಬಿಡ್ಬೇಡ ಅಂತ ಕೇಳೋಕೆ ಇವ್ನಿಗೆ ಒಬ್ರಿದಾರಲ್ಲ. ನಂಗೆ ಯಾರಿದಾರೆ? ಹೆಂಡ್ತಿ ಹೋದಾಗ್ಲೂ ಬಿಡ್ಬೇಡ ಅಂತ ಕೇಳ್ಲಿಲ್ಲ ನಾನು, ಹೋಗು ಅಂದೆ." ಅವನು ಮೂಗು ಒರೆಸಿಕೊಂಡ. "ಪಿಕಾಸಿ ಕೆಳಗಿಟ್ಟೆ. ಐದನೇ ದಿನದಿಂದ ನಾನೂ ಅದನ್ನೇ ಹೇಳ್ಕೊಳ್ತಾ ಬಿದ್ದಿದ್ದೆ, ನಿನ್ ಹಿಂದೆ ಹಿಂದೆ. ಒಳಗೊಳಗೇ. ಯಾರೋ ಕೇಳಿಸ್ಕೊಳ್ತಿದ್ರು, ಅಣ್ಣ. ಸತ್ಯವಾಗ್ಲೂ."

ಹಳ್ಳದಲ್ಲಿ ಯಾರೋ ಎಸೆದ ರಬ್ಬರ್ ಚಪ್ಪಲಿಯೊಂದು ಕಲ್ಲಿಗೆ ತಾಗಿ ತಿರುಗುತ್ತಿತ್ತು. ಜೇಮುನ್ ಅದನ್ನೇ ನೋಡಿದ. ಕ್ಷಮಿಸು ಎನ್ನಬೇಕೆಂದರೆ ಆ ಮಾತೂ ಅವನ ಪಾಲಿಗೆ ದೊಡ್ಡ ಮಾತಾಗಿತ್ತು. "ತಪ್ಪಾಯ್ತು ಕಣೋ," ಎಂದ.

"ಆಯ್ತು," ಎಂದ ದಾಲ್ಸು. "ನಾನೂ ಎತ್ತಿದ್ದೆನಲ್ಲ. ಅದನ್ನ ಮರೀಬೇಡ."

*

ಶನಿವಾರ ಜೇಮುನ್ ಪಾದ್ರಿಗೆ ಎಲ್ಲವನ್ನೂ ಹೇಳಿ, ನಾಳೆ ಸಭೆಗೂ ಹೇಳುತ್ತೇನೆ ಎಂದ. ಪಾದ್ರಿ ಯೊಮ್ ಅವರ ಮುಖ ಬೆಳ್ಳಗಾಯಿತು.

"ಇದು ನಿಮಗೂ ದೇವರಿಗೂ ಇರೋ ವಿಷಯ. ದಾಲ್ಸುವಿಗೆ ಹೇಳಿದ್ರಿ, ಅವನು ಕ್ಷಮಿಸಿದ, ಮುಗೀತು. ಸಭೆಗೆ ಯಾಕೆ? ಹೊಸಬರು ನಲವತ್ತು ಮಂದಿ ಇದ್ದಾರೆ, ಎಳೆ ಸಸಿಗಳು. ಅವರ ನಂಬಿಕೆ ಏನಾಗತ್ತೆ?"

"ಅಯ್ಯನವರೇ, ಅವ್ರು ನಂಬಿರೋದು ನನ್ ಕಾಲನ್ನ."

ಪಾದ್ರಿ ಬಾಗಿಲವರೆಗೂ ಬಂದು ಕಳಿಸುವವರು, ಅಂದು ಕುಳಿತಲ್ಲಿಂದ ಏಳಲೂ ಇಲ್ಲ.

ಮನೆಗೆ ಹೋಗಿ ಇನ್‌ಸೂನ್‌ಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೇಳುತ್ತ ಕೇಳುತ್ತ ಕೈ ನಿಂತಿತು.

"ಸಾಕಾಯ್ತು ಅಂದ್ರಲ್ಲ ನೀವು," ಎಂದಳು. "ನಾನು ಆಸ್ಪತ್ರೆಗೆ ಡಬ್ಬಿ ತಗೊಂಡು ಹೋದೆ. ತಣ್ಣಗಾಗಿದ್ದನ್ನ ತಿಂದ್ರಿ ಅಂತ ಅವ್ನಿಗೆ... ಆ ಬಾಯಿ ಒಣಗ್ದೋನಿಗೆ... ಥೂ!" ಬೆಳ್ಳುಳ್ಳಿಯ ಬುಟ್ಟಿಯನ್ನು ಎತ್ತಿ ಅವನ ಕಡೆ ಎಸೆದಳು. ಸಿಪ್ಪೆಯೆಲ್ಲ ಅವನ ತಲೆಯ ಮೇಲೆ ಬಿತ್ತು. ಅವನು ಕೊಡವಿಕೊಳ್ಳಲಿಲ್ಲ. ಅವಳು ಅಳುತ್ತ ಒಂದೊಂದೇ ಎಸಳನ್ನು ನೆಲದಿಂದ ಆರಿಸತೊಡಗಿದಾಗ ಅವನೂ ಬಗ್ಗಿ ಆರಿಸಿದ.

ಭಾನುವಾರ ಚರ್ಚು ತುಂಬಿತ್ತು. ದಾಲ್ಸು ಯಾರದೋ ಬಿಳಿ ಅಂಗಿ ಕಡ ತಂದು ತೊಟ್ಟಿದ್ದ, ತೋಳು ಗಿಡ್ಡ. ಪಾದ್ರಿ ಜೇಮುನ್‌ನ ಹೆಸರು ಕರೆದರು, ಕಣ್ಣಿಗೆ ಕಣ್ಣು ಸೇರಿಸದೆ. ಜೇಮುನ್ ಎದ್ದು ನಿಂತ. ಸಾಕ್ಷಿ ಹೇಳಿ ಪಳಗಿದ ಗಂಟಲು ಮೊದಲ ಮಾತಿಗೇ ಕೈಕೊಟ್ಟಿತು. ನಡುಗಬೇಕಾದಲ್ಲಿ ನಡುಗಲಿಲ್ಲ, ಬರೀ ಒಣಗಿತು. ಮೊಣಕಾಲು ಬಡಿದುಕೊಳ್ಳುತ್ತಿತ್ತು. ಓಡಿಹೋಗಬೇಕು ಎನಿಸಿತು. ಬಿಡಬೇಡ, ಎಂದ ಮನಸ್ಸಿನಲ್ಲಿ, ಯಾವ ಅಲಂಕಾರವೂ ಇಲ್ಲದೆ. ಈ ಸಲ ಅದು ತನಗೇ ಕೇಳಿಸಿತು.

"ನಾನು ನಡ್ಕೊಂಡು ಬಂದಿದ್ದು ಪವಾಡ ಅಲ್ಲ," ಎಂದ. "ನನ್ ಹತ್ರ ಐದು ಕಡುಬಿತ್ತು..."

ಪೂರ್ತಿ ಹೇಳಿದ. ಇನ್ನೊಂದು ಕಣಿವೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಮಾತನ್ನೂ ಹೇಳಿದ. ಆ ಮನುಷ್ಯ ನಂಬಿಕೆಯಿಲ್ಲದೆ ಸತ್ತದ್ದಲ್ಲ, ನಾನು ನಂಬಿಕೆಯಿಂದ ಬದುಕಿದ್ದೂ ಅಲ್ಲ ಎಂದ. ತಗಡಿನ ಮಾಡು ಬಿಸಿಲಿಗೆ ಟಪ್ ಟಪ್ ಎನ್ನುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬ, "ಥೂ, ಹಿರಿಯನಂತೆ!" ಎಂದು ಎದ್ದು ಹೊರಟ, ಅವನ ಹಿಂದೆ ಇನ್ನೂ ಏಳೆಂಟು ಮಂದಿ. ಮುದುಕಿಯೊಬ್ಬಳು, "ಕಡುಬು ತಿಂದಿದ್ದಕ್ಕೆ ಇಷ್ಟೆಲ್ಲ ಯಾಕಪ್ಪ?" ಎಂದು ಪಕ್ಕದವಳನ್ನು ಜೋರಾಗಿ ಕೇಳಿದಳು. ಜೇಮುನ್ ಅಲ್ಲೇ ನಿಂತಿದ್ದ. ಮುಖ ಬೆಂಕಿಯಂತೆ ಸುಡುತ್ತಿತ್ತು. ಕಾಲು ಮಾತ್ರ, ಅವನಿಗೇ ಆಶ್ಚರ್ಯವಾಗುವಂತೆ, ಬಡಿದುಕೊಳ್ಳುವುದನ್ನು ನಿಲ್ಲಿಸಿತ್ತು.

ದಾಲ್ಸು ಕೋಲೂರಿ ಎದ್ದ. "ಅಯ್ಯನವರೇ, ನಂಗೆ ನೀರು ಹಾಕಿ. ಇವ್ನು ನನ್ ಪಕ್ಕದಲ್ಲೇ ನಿಲ್ಲಲಿ. ಬೇರೆಯೋರು ಬೇಡ."

ಪಾದ್ರಿ ನೀರಿನ ಬೋಗುಣಿ ಎತ್ತಿಕೊಂಡು ಒಮ್ಮೆ ಖಾಲಿಯಾದ ಜಾಗಗಳನ್ನು ನೋಡಿದರು. ಆದರೂ ಹಾಕಿದರು.

ಜೇಮುನ್ ಸಭಾಹಿರಿಯನ ಸ್ಥಾನ ಬಿಟ್ಟ. ಹೊಸಬರಲ್ಲಿ ಅರ್ಧದಷ್ಟು ಮಂದಿ ಮತ್ತೆ ಬರಲಿಲ್ಲ. ಗಣಿಯಲ್ಲಿ ಬುತ್ತಿಯ ಹೊತ್ತಿಗೆ, "ಹಿರಿಯರೇ, ಅಂಗಿ ಒಳಗೇನಿದೆ ತೋರ್ಸಿ" ಎಂದು ಗೇಲಿ ಮಾಡುವವರಿಗೆ ಅವನು ಅಂಗಿ ಬಿಚ್ಚಿ ತೋರಿಸುತ್ತಿದ್ದ. ಕ್ರಮೇಣ ಅವರಿಗೇ ಬೇಸರ ಬಂತು. ಇನ್‌ಸೂನ್ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಸಭೆಯ ಹೆಂಗಸರ ಮಧ್ಯೆ ಅವಳಿಗೆ ತಲೆ ಎತ್ತಲಾಗುತ್ತಿರಲಿಲ್ಲ. ನಾಚಿಕೆಯೂ ಹೋಗಲಿಲ್ಲ. ಹೋಗುತ್ತದೆಂದು ಅವನು ಕಾದಿದ್ದ, ಹೇಳಿಕೊಂಡರೆ ಹಗುರಾಗುತ್ತದೆ ಎಂದು. ಹಗುರಾಗಲಿಲ್ಲ, ಹೊರಲು ಬರುವಂತಾಯಿತು, ಅಷ್ಟೆ. ಮುಂಜಾನೆ ಹಿಂದಿನ ಸಾಲಿನಲ್ಲಿ ಕುಳಿತು ಎರಡು ಮಾತು ಪ್ರಾರ್ಥಿಸಿ ಪಾಳಿಗೆ ಹೋಗುತ್ತಿದ್ದ.

ಮರುವರ್ಷ ಮೇ ತಿಂಗಳಲ್ಲಿ ಪಕ್ಕದ ಕಣಿವೆಯ ಗಣಿಗೆ ನೀರು ನುಗ್ಗಿ ಮೂವರು ಒಳಗೆ ಉಳಿದರು. ಸಭೆಯವರು ಗಂಜಿ ಮಾಡಿಕೊಂಡು ಹೋದರು, ಜೇಮುನ್ ಹಂಡೆ ಹೊತ್ತುಕೊಂಡು ಹೋದ. ಗಣಿಯ ಬಾಯಲ್ಲಿ ಗೋಣಿಚೀಲದ ಮೇಲೆ ಕುಳಿತಿದ್ದ ಎಳೆ ವಯಸ್ಸಿನ ಹೆಂಗಸು ಗಂಜಿ ಮುಟ್ಟಲಿಲ್ಲ. ಯಾರೋ ಅವಳಿಗೆ ಇವನನ್ನು ತೋರಿಸಿ ಏನೋ ಹೇಳಿದರು. ಅವಳು ಎದ್ದು ಬಂದು ತೋಳು ಹಿಡಿದಳು.

"ನೀವು ಒಳಗಿದ್ರಂತೆ ಏಳು ದಿನ. ನಮ್ಮೋರು ಈಗ ಏನ್ ಮಾಡ್ತಿರ್ತಾರೆ? ಸುಳ್ಳು ಹೇಳ್ಬೇಡಿ."

ಜೇಮುನ್ ಕೈ ಬಿಡಿಸಿಕೊಳ್ಳಲಿಲ್ಲ.

"ಹೆದರ್ಕೊಂಡಿರ್ತಾರಮ್ಮ," ಎಂದ. "ತುಂಬಾ ಹೆದರ್ಕೊಂಡಿರ್ತಾರೆ. ಹೊರಗೆ ಹೇಳ್ಕೊಳ್ಳೋಕಾಗ್ದಂಥ ಕೆಲಸ ಏನಾದ್ರೂ ಮಾಡ್ತಿರ್ಬೋದು. ಆದ್ರೆ ಒಬ್ರೇ ಇಲ್ಲ ಅಲ್ಲಿ. ಅದೊಂದು ನಂಗೆ ಗೊತ್ತು."

"ಅವ್ರು ಚರ್ಚಿಗೆ ಹೋಗೋರಲ್ಲ."

"ಹೋಗ್ದೇ ಇದ್ರೂ ಪರವಾಗಿಲ್ಲಮ್ಮ."

ಅವಳು ಅವನ ತೋಳು ಹಿಡಿದೇ ಅತ್ತಳು. ಎರಡು ದಿನ ಅವನು ಅಲ್ಲಿಂದ ಕದಲಲಿಲ್ಲ. ಇನ್‌ಸೂನ್ ಬಂದು ಆ ಹೆಂಗಸಿನ ಇನ್ನೊಂದು ಪಕ್ಕಕ್ಕೆ ಕುಳಿತು, ಚಮಚದಲ್ಲಿ ಗಂಜಿ ಕುಡಿಸಿದಳು. ಮೂರನೆಯ ದಿನ ಬೆಳಿಗ್ಗೆ ಇಬ್ಬರು ಜೀವಂತ ಬಂದರು, ಒಬ್ಬನ ಹೆಣ ಬಂತು. ಬದುಕಿದವರಲ್ಲಿ ಒಬ್ಬ ಅವಳ ಗಂಡ. ಜನ ಸುತ್ತಲೂ ಮುತ್ತಿಕೊಂಡು ಏನಾಯ್ತು, ಹೆಂಗಿದ್ರಿ, ಏನ್ ತಿಂದ್ರಿ ಎಂದು ಕೇಳುತ್ತಿದ್ದರು. ಅವನು ಸತ್ತವನ ಹಲಗೆಯ ಕಡೆ ನೋಡುತ್ತ ಹಲ್ಲು ಕಚ್ಚಿಕೊಂಡಿದ್ದ.

ಜೇಮುನ್ ಜನರನ್ನು ಸರಿಸಿಕೊಂಡು ಹೋಗಿ ಅವನ ಪಕ್ಕದಲ್ಲಿ ಮೊಣಕಾಲೂರಿದ.

"ಈಗ ಏನೂ ಹೇಳ್ಬೇಡ ತಮ್ಮ," ಎಂದ. "ಮೊದ್ಲು ನೀರು ಕುಡಿ."